ಮಳೆಯೋ ಪರೀಕ್ಷೆಯೋ

ನಮ್ಮ ಮನೆಯಲ್ಲಿ ಸೇಫ್ಟಿ ಪಿನ್ ಬಿಸಾಡುವ ಪದ್ಧತಿ ಇಲ್ಲ. ಇಸ್ತ್ರಿಯವರು ಬಟ್ಟೆಗೆ ಸಿಕ್ಕಿಸಿ ಕಳಿಸಿದ್ದು, ಸೀರೆಯ ಬೆಲೆಚೀಟಿಗೆ ಚುಚ್ಚಿದ್ದು, ಮದುವೆಮನೆಯಲ್ಲಿ ಯಾರದೋ ಹೆಗಲಿಂದ ಉದುರಿದ್ದು, ಎಲ್ಲವನ್ನೂ ಒಂದಕ್ಕೊಂದು ಪೋಣಿಸಿ ಬೀರುವಿನ ಬಾಗಿಲೊಳಗೆ ನೇತುಹಾಕಿದ್ದೇನೆ. ಮೊನ್ನೆ ನನ್ನ ಗಂಡ ಅದನ್ನು ನೋಡಿ, "ಎಂತ ಮಾರಾಯ್ತಿ ಇದು, ಒಂದು ಮೊಳ ಆಯ್ತಲ್ಲ, ಯಾರಿಗೆ ಹಾರ ಹಾಕ್ತೀಯ?" ಎಂದರು. ಉತ್ತರ ಕೊಡಲು ಹೊರಟರೆ ಮೂಡಿಗೆರೆಯಿಂದ ಶುರು ಮಾಡಬೇಕು, ಅಷ್ಟು ಹೊತ್ತಿಗೆ ಅವರ ಆಫೀಸಿಗೆ ತಡವಾಗುತ್ತದೆ. ನಿಮಗೆ ಅವಸರವಿಲ್ಲದಿದ್ದರೆ ಹೇಳುತ್ತೇನೆ.

ಚೂಡಿದಾರ್ ಹಾಕಿಕೊಂಡು ಓಡಬೇಕಾದರೆ ನಾಲ್ಕು ಸೇಫ್ಟಿ ಪಿನ್ ಬೇಕು. ಹೆಗಲಿಗೆ ಎರಡು. ವೇಲಿನ ತುದಿಗಳನ್ನು ಸೊಂಟದ ಹತ್ತಿರ ಗಂಟು ಹಾಕಿದ ಮೇಲೆ ಆ ಗಂಟಿಗೊಂದು. ನಾಲ್ಕನೆಯದು ಬಳೆಗೆ ಸಿಕ್ಕಿಸಿಟ್ಟುಕೊಳ್ಳುವ ಆಪತ್ಕಾಲದ ಪಿನ್. ಇದು ಯಾವ ಪುಸ್ತಕದಲ್ಲೂ ಇಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಮೂಡಿಗೆರೆಯ ರಸ್ತೆಯ ಮೇಲೆ ದಿನಾ ಬೆಳಿಗ್ಗೆ ಓಡಿದ ಏಕೈಕ ಹುಡುಗಿಯಾದ ನಾನು ಕಷ್ಟಪಟ್ಟು ಕಂಡುಹಿಡಿದದ್ದು. ಏಕೈಕ ಎಂದದ್ದು ಜಂಬಕ್ಕಲ್ಲ. ಎರಡನೆಯವಳೊಬ್ಬಳು ಇದ್ದಿದ್ದರೆ ನನ್ನ ಪಾಡು ಅರ್ಧ ಹಗುರಾಗುತ್ತಿತ್ತು.

ಓಟಕ್ಕೂ ನನಗೂ ಮೊದಲಿಂದ ಆಗಿಬರುತ್ತಿರಲಿಲ್ಲ. ಪ್ರೈಮರಿ ಶಾಲೆಯಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಡುವ ಸ್ಪರ್ಧೆ ಇಟ್ಟಾಗ ನಾನು ಕೊನೆಯವಳಾಗಿ ಬಂದೆ, ಅದೂ ನಿಂಬೆಹಣ್ಣು ಇಲ್ಲದೆ. ಹೈಸ್ಕೂಲಿನಲ್ಲಿ ಡ್ರಿಲ್ ಪೀರಿಯಡ್ಡಿನ ದಿನ ನನಗೆ ಹೊಟ್ಟೆನೋವು ಬರುವುದು ಎಷ್ಟು ಕ್ರಮಬದ್ಧವಾಗಿತ್ತೆಂದರೆ ಡ್ರಿಲ್ ಮೇಷ್ಟ್ರು ಕೇಳುವುದನ್ನೇ ಬಿಟ್ಟು, "ನೀನು ಕೂತ್ಕೊಮ್ಮ" ಎನ್ನುತ್ತಿದ್ದರು. ಇಂಥವಳು ಓಡಿದ್ದು ಯಾವ ಪದಕಕ್ಕೂ ಅಲ್ಲ. ಒಂದು ಬೆಂಚಿನ ಮೇಲೆ ಮೂರು ಗಂಟೆ ಕೂರುವುದಕ್ಕೆ.

ನಾನಾಗ ಎರಡನೇ ಪಿಯುಸಿ, ಸೈನ್ಸು. ಹತ್ತನೇ ಕ್ಲಾಸಿನ ಮಾರ್ಕು ನೋಡಿ ಊರವರೆಲ್ಲ ಸೇರಿ ನನ್ನನ್ನು ಬುದ್ಧಿವಂತೆ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಅಪ್ಪನದು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ. ಗೋಣಿಚೀಲ, ಹಗ್ಗ, ಟಾರ್ಪಲ್, ಗಮ್‌ಬೂಟು, ಕತ್ತಿ, ಹೀಗೆ ತೋಟದವರಿಗೆ ಬೇಕಾದ್ದೆಲ್ಲ ಅಲ್ಲಿತ್ತು. ಚೀಲ ಕೊಳ್ಳಲು ಬಂದವರೂ "ಸಾವ್ಕಾರ್ರ ಮಗಳು ಡಾಕ್ಟ್ರಾಗೋದು ಯಾವಾಗ?" ಎಂದು ವಿಚಾರಿಸಿಕೊಂಡೇ ಹೋಗುತ್ತಿದ್ದರು. ಡಾಕ್ಟರಾಗಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಸುಮ್ಮನೆ ನಿಮಗೆ ಆಸೆ ಹುಟ್ಟಿಸುವುದು ಬೇಡ.

ದೀಪಾವಳಿ ಕಳೆದ ಮೇಲೆ ಮಿಡ್‌ಟರ್ಮ್ ಪರೀಕ್ಷೆ. ಫಿಸಿಕ್ಸ್ ಪೇಪರು. ಮೊದಲ ಪ್ರಶ್ನೆ ಓದಿದೆ, ಗೊತ್ತಿತ್ತು. ಎರಡನೆಯದೂ ಗೊತ್ತಿತ್ತು. ಆಮೇಲೆ ಏನಾಯಿತೋ, ಎದೆ ಹೊಡೆದುಕೊಳ್ಳತೊಡಗಿತು. ಪಕ್ಕದವಳಿಗೆ ಕೇಳಿಸುತ್ತಿರಬಹುದು ಎನ್ನಿಸುವಷ್ಟು. ಬೆರಳು ತಣ್ಣಗಾದವು, ಅಕ್ಷರಗಳು ನಿಂತಲ್ಲಿ ನಿಲ್ಲಲಿಲ್ಲ, ಇನ್ನೇನು ಸಾಯುತ್ತೇನೆ ಎಂಬುದು ಖಾತ್ರಿಯಾಯಿತು. ಸಾಯುವುದಾದರೆ ಮನೆಯಲ್ಲೇ ಸಾಯೋಣ ಎಂದು ಖಾಲಿ ಪೇಪರು ಮೇಜಿನ ಮೇಲಿಟ್ಟು ಎದ್ದು ಬಂದುಬಿಟ್ಟೆ. ಗೇಟು ದಾಟಿ ಮನೆಯ ತನಕ ಅಳುತ್ತಾ ಒಬ್ಬಳೇ ನಡೆದೆ. ಮುಂದಿನ ಎರಡು ಪೇಪರಿಗೂ ಅದೇ ಕಥೆ. ಇಡೀ ವರ್ಷ ಓದಿದ್ದೆಲ್ಲ ತಲೆಯಲ್ಲಿ ಭದ್ರವಾಗಿತ್ತು, ಆದರೆ ಅದನ್ನು ಬರೆಯುವುದಕ್ಕೆ ನನಗೆ ಕೂರಲು ಆಗುತ್ತಿರಲಿಲ್ಲ. ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ ಇತ್ತು.

ಅಮ್ಮ ಮೊದಲು ದೃಷ್ಟಿ ತೆಗೆದಳು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಕ್ಕೆ ಮನೆಯವರೆಲ್ಲ ಕಣ್ಣುಮೂಗು ಸುರಿಸಿಕೊಂಡು ಕೆಮ್ಮಿದೆವು. ಅಷ್ಟು ಘಾಟು ಬಂದ ಮೇಲೆ ಇದು ದೃಷ್ಟಿಯಲ್ಲ ಎಂದು ಅವಳೂ ಒಪ್ಪಿಕೊಂಡು, ಅಪ್ಪನ ಜೊತೆ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದಳು. ನಮ್ಮ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಸ್ಟೆತಸ್ಕೋಪು ಹಿಂದೆ ಮುಂದೆ ಇಟ್ಟು ತುಂಬ ಹೊತ್ತು ಕೇಳಿದರು.

"ಎದೆ ಚೆನ್ನಾಗಿದೆಯಲ್ರೀ. ಹೊಡ್ಕೊಂಡು ಅಭ್ಯಾಸ ಇಲ್ಲ ಅಷ್ಟೆ. ಸ್ವಲ್ಪ ಜೋರಾದ ಕೂಡ್ಲೆ ಈ ಹುಡುಗಿ ಹೆದರ್ತಾಳೆ, ಹೆದರಿದ್ದಕ್ಕೆ ಅದು ಇನ್ನೂ ಹೊಡ್ಕೊಳ್ತದೆ. ದಿನಾ ಬೆಳಿಗ್ಗೆ ಅರ್ಧ ಗಂಟೆ ಓಡಲಿ."

"ಓಡೋದಾ?" ಎಂದರು ಅಪ್ಪ. "ಮಾತ್ರೆ ಏನೂ ಇಲ್ವಾ ಡಾಕ್ಟ್ರೇ?"

"ಬೇಡ."

"ಒಂದು ಟಾನಿಕ್ಕಾದ್ರೂ?"

ಅಪ್ಪನ ಮುಖ ನೋಡಿ ಡಾಕ್ಟರಿಗೆ ಕನಿಕರ ಬಂದಿರಬೇಕು, ಒಂದು ಟಾನಿಕ್ಕು ಬರೆದುಕೊಟ್ಟರು. ಆ ಟಾನಿಕ್ಕನ್ನು ಚಳಿಗಾಲ ಪೂರ್ತಿ ದಿನಕ್ಕೆರಡು ಚಮಚದಂತೆ ಕುಡಿದು ಮುಗಿಸಿದ್ದು ಅಪ್ಪನೇ. ನನಗಿಂತ ಹೆಚ್ಚು ಹೆದರಿದ್ದವರು ಅವರು.

ಮಾರನೆಯ ದಿನ ಹೊರಟೆ. ಶೂ ಇರಲಿಲ್ಲ. "ಗಮ್‌ಬೂಟು ಹಾಕ್ಕೊ ಮಗ, ಜಿಗಣೆ ಹತ್ತಲ್ಲ" ಎಂದು ಅಪ್ಪ ಅಂಗಡಿಯಿಂದ ನನ್ನ ಅಳತೆಯದು ಒಂದು ಜೊತೆ ತಂದಿಟ್ಟಿದ್ದರು. ಡಿಸೆಂಬರಿನಲ್ಲಿ ಎಲ್ಲಿಯ ಜಿಗಣೆ! ಹವಾಯಿ ಚಪ್ಪಲಿಯಲ್ಲೇ ಓಡಿದೆ. ಮೊದಲ ತಿರುವಿಗೆ ಒಂದು ಚಪ್ಪಲಿ ಚರಂಡಿಗೆ ಹೋಯಿತು, ಎರಡನೇ ತಿರುವಿಗೆ ನನ್ನ ಉಸಿರು ಹೋಯಿತು. ಮೋರಿಕಟ್ಟೆಯ ಮೇಲೆ ಕೂತು, ನನ್ನ ಹೊಗೆಯುಸಿರನ್ನು ನಾನೇ ನೋಡುತ್ತಾ, ಈ ಡಾಕ್ಟರಿಗೆ ಯಾಕಾದರೂ ತೋರಿಸಿದೆವೋ ಎಂದುಕೊಂಡೆ. ಆಮೇಲೆ ಬಿಳಿ ಕ್ಯಾನ್ವಾಸ್ ಶೂ ಬಂತು.

ಉಸಿರಿಗಿಂತ ದೊಡ್ಡ ತೊಂದರೆ ನಮ್ಮೂರಿನ ಜನರ ಒಳ್ಳೆಯತನ. ಕಾಫಿ ಸೀಮೆಯಲ್ಲಿ ಜೀಪಿನಲ್ಲಿ ಹೋಗುವವರು ನಡೆದು ಹೋಗುವವರನ್ನು ದಾಟಿ ಹೋಗುವುದಿಲ್ಲ. ತೋಟಗಳು ದೂರ, ಬಸ್ಸು ಕಡಿಮೆ, ನಿಲ್ಲಿಸಿ ಹತ್ತಿಸಿಕೊಳ್ಳುವುದು ಮರ್ಯಾದೆ. ನಡೆಯುವವರಿಗೇ ಹೀಗಾದರೆ ಓಡುವವಳನ್ನು ಬಿಡುತ್ತಾರೆಯೆ? ಪ್ರತಿಯೊಂದು ಜೀಪೂ ಕಿರ್ ಎಂದು ನಿಲ್ಲುತ್ತಿತ್ತು. "ಎಂತಾಯ್ತಮ್ಮ? ಯಾರಿಗೆ ಹುಷಾರಿಲ್ಲ? ಹತ್ತು ಹತ್ತು!" ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ನಂಬುತ್ತಿರಲಿಲ್ಲ. ಒಬ್ಬ ಹಿರಿಯರಂತೂ "ಯಾಕೆ, ನಮ್ಮ ಜೀಪು ಆಗಲ್ವಾ ನಿಮಗೆ?" ಎಂದು ಮುಖ ಸಣ್ಣದು ಮಾಡಿಕೊಂಡರು. ಅವರ ಮನಸ್ಸು ನೋಯಿಸಬಾರದೆಂದು ಹತ್ತಿ ಕೂತೆ. ಆ ದಿನದ ಅರ್ಧ ಗಂಟೆಯ ಓಟವನ್ನು ನಾನು ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಮುಗಿಸಿದೆ.

ವಿಷಯ ತಿಳಿದು ಅಪ್ಪ ಯೋಚಿಸಿದರು. ಅಂಗಡಿಯ ಗಲ್ಲಾದಿಂದ ಗೋಡೌನಿಗೆ ಹೋಗುವುದನ್ನೇ ಪ್ರಯಾಣ ಎಂದುಕೊಂಡಿದ್ದ ಮನುಷ್ಯ. ಬಿಳಿ ಪಂಚೆ, ಬಿಳಿ ಶರ್ಟು, ಹಣೆಗೆ ವಿಭೂತಿ. ಪಂಚೆಗೆ ಧೂಳು ತಾಗುತ್ತದೆಂದು ಊರಿನ ಯಾವ ಕಟ್ಟೆಯ ಮೇಲೂ ಕೂತವರಲ್ಲ. ಅವರು ಮಾರನೆಯ ದಿನ ಬೆಳಿಗ್ಗೆ ಮಂಕಿಕ್ಯಾಪು ಹಾಕಿಕೊಂಡು, ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಮತ್ತೆ ನೆಟ್ಟಗೆ ಮಾಡಿ, ಎಂಟು ಸಲ ಒದ್ದು, "ನಡಿ ಮಗ, ನಾನು ಹಿಂದೆ ಬರ್ತೀನಿ. ನಿಲ್ಸೋರಿಗೆ ನಾನು ಉತ್ತರ ಕೊಡ್ತೀನಿ" ಎಂದರು. ಸ್ಕೂಟರಿಗೆ ನನ್ನಷ್ಟು ನಿಧಾನ ಹೋಗಿ ಅಭ್ಯಾಸವಿರಲಿಲ್ಲ, ಆಗಾಗ ಆರಿಹೋಗುತ್ತಿತ್ತು. ಅದು ಆರಿದಾಗ ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ. ಈಗಿನವರು ನಡುನಡುವೆ ನಿಂತು ಓಡುವುದನ್ನು ಏನೋ ದೊಡ್ಡ ವಿಧಾನ ಎನ್ನುತ್ತಾರೆ, ನಮ್ಮಲ್ಲಿ ಅದನ್ನು ಸ್ಕೂಟರಿನ ಕಾರ್ಬುರೇಟರು ನಿರ್ಧರಿಸುತ್ತಿತ್ತು.

ಮುಂದೆ ಮಗಳು ಓಡುತ್ತಿದ್ದಾಳೆ, ಹಿಂದೆ ಅಪ್ಪ ಸ್ಕೂಟರಿನಲ್ಲಿ "ಓಡು, ಓಡು, ನಿಲ್ಬೇಡ" ಎಂದು ಕೂಗುತ್ತಾ ಬರುತ್ತಿದ್ದಾರೆ. ನೋಡಿದವರಿಗೆ ಏನನ್ನಿಸಬೇಕು ಹೇಳಿ. ಮೂರೇ ದಿನಕ್ಕೆ, ಸಾವ್ಕಾರ್ರು ಮಗಳನ್ನು ಮನೆಯಿಂದ ಅಟ್ಟಿಸಿಕೊಂಡು ಹೋಗುತ್ತಿದ್ದಾರೆಂದು ಊರಲ್ಲಿ ಸುದ್ದಿಯಾಯಿತು. ಪಕ್ಕದ ಬೀದಿಯ ಹೆಂಗಸೊಬ್ಬರು ಬಂದು ಅಮ್ಮನ ಕೈ ಹಿಡಿದು, "ಹುಡುಗಿ ಯಾರನ್ನಾದ್ರೂ ಇಷ್ಟಪಟ್ಟಿದ್ರೆ ಕೂರಿಸಿ ಮಾತಾಡಿ, ಹೀಗೆ ರಸ್ತೆಯಲ್ಲಿ ಓಡಿಸೋದಾ?" ಎಂದರಂತೆ. ಅಮ್ಮ, "ಹೌದು ಕಣ್ರೀ, ಅವಳು ಫಿಸಿಕ್ಸ್ ಜೊತೆ ಓಡಿ ಹೋಗ್ತಾಳಂತೆ, ಅದಕ್ಕೇ" ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದಳು.

ಇನ್ನು ಕಣದ ವಿಷಯ. ನಾನು ಓಡುತ್ತಿದ್ದ ದಾರಿ ಒಂದು ಏರು ಹತ್ತುತ್ತದೆ. ಏರಿನ ಎಡಗಡೆ, ರಸ್ತೆಗಿಂತ ಕೆಳಗೆ, ಒಂದು ಎಸ್ಟೇಟಿನ ಕಾಫಿ ಒಣಗಿಸುವ ಕಣ. ಡಿಸೆಂಬರಿನಿಂದ ಫೆಬ್ರವರಿಯ ತನಕ ಅಲ್ಲಿ ಕಾಫಿ ಹರಡಿರುತ್ತದೆ. ಒಣಗುತ್ತಿರುವ ಕಾಫಿಯ ಮೇಲೆ ಅಕಾಲದ ಮಳೆ ಬಿದ್ದರೆ ಬೂಷ್ಟು ಹಿಡಿದು ವರ್ಷದ ದುಡಿಮೆಯೇ ಹಾಳು. ಆದ್ದರಿಂದ ನಮ್ಮ ಕಡೆ ಆ ಮೂರು ತಿಂಗಳು ಯಾರಾದರೂ ಕೂಗುತ್ತಾ ಓಡಿದರೆ ಅದಕ್ಕಿರುವುದು ಒಂದೇ ಅರ್ಥ. ಹುಟ್ಟಿದಾಗಿನಿಂದ ಅಲ್ಲೇ ಬೆಳೆದ ನಮಗೆ ಇದು ಹೊಳೆಯಬೇಕಿತ್ತು. ಟಾರ್ಪಲ್ ಮಾರುವ ಅಪ್ಪನಿಗಂತೂ ಹೊಳೆಯಲೇಬೇಕಿತ್ತು.

ಜನವರಿಯಲ್ಲಿ ಕಾಲೇಜಿಗೆ ರಜೆ ಇದ್ದ ಒಂದು ದಿನ ತಡವಾಗಿ, ಒಂಬತ್ತು ಗಂಟೆಗೆ ಹೊರಟೆವು. ಸ್ವಲ್ಪ ಮೋಡವಿತ್ತು. ಏರಿನಲ್ಲಿ ನಾನು ನಿಧಾನವಾದೆ. ಅಪ್ಪ ಹಾರ್ನ್ ಒತ್ತುತ್ತಾ, "ಬೇಗ ಬೇಗ! ಬಂದೇಬಿಡ್ತು, ಇನ್ನು ಸ್ವಲ್ಪ, ಓಡು!" ಎಂದು ಕೂಗಿದರು. ಬಂದೇಬಿಟ್ಟದ್ದು ಏರಿನ ತುದಿ. ಕೆಳಗೆ ಕಣದಲ್ಲಿ ಆಗಷ್ಟೇ ಕಾಫಿ ಹರಡಿ ಮುಗಿಸಿದ್ದ ಜನ ತಲೆಯೆತ್ತಿ ನೋಡಿದರು. ಆಮೇಲೆ ಎಸ್ಟೇಟಿನ ರೈಟರ್ ಶೇಷಪ್ಪನವರ ದೊಡ್ಡ ದನಿ ಕೇಳಿಸಿತು. "ಮಳೆ ಬಂತು! ಗುಡ್ಡೆ ಹಾಕ್ರೋ, ಟಾರ್ಪಲ್ ತನ್ರೋ!" ನಾನು ತುದಿಗೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಕಣಕ್ಕೆ ಕಣವೇ ಖಾಲಿ. ಅಷ್ಟೂ ಕಾಫಿ ಗುಡ್ಡೆಯಾಗಿ, ಮೇಲೆ ಟಾರ್ಪಲ್ ಬಿದ್ದು, ಅದರಂಚಿಗೆ ಕಲ್ಲು ಇಟ್ಟಾಗಿತ್ತು. ಹತ್ತು ನಿಮಿಷದಲ್ಲಿ ಮೋಡ ಸರಿದು ಸುಡುಬಿಸಿಲು ಬಂತು.

ಸಂಜೆ ರೈಟರು ಅಂಗಡಿಗೆ ಬಂದರು. ತೋಟದ ಲೆಕ್ಕ, ಹಾಜರಿ, ಕಣ ಎಲ್ಲ ನೋಡಿಕೊಳ್ಳುವವರು, ಸಿಟ್ಟಿನವರು. ನಾನು ಒಳಗೆ ಚೀಲಗಳ ಮರೆಯಲ್ಲಿ ನಿಂತೆ.

"ಅಲ್ಲ ಸಾವ್ಕಾರ್ರೇ, ಟಾರ್ಪಲ್ ವ್ಯಾಪಾರ ಆಗ್ಲಿ ಅಂತ ಮಗಳನ್ನ ಓಡಿಸ್ತಿದ್ದೀರಾ ಹೆಂಗೆ? ನನ್ನ ಆಳುಗಳಿಗೆ ಎರಡೆರಡು ಸಲ ಕಾಫಿ ಹರಡೋ ಕೆಲಸ ಆಯ್ತಲ್ಲ ಮಾರಾಯ್ರೆ!"

ಅಪ್ಪ ಬೇರೆ ಯಾರಿಗಾದರೂ ಏನಾದರೂ ನೆಪ ಹೇಳುತ್ತಿದ್ದರೇನೋ. ಅವತ್ತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಮಗಳು ಪರೀಕ್ಷೆಯಲ್ಲಿ ಕೂರಲಾಗದೆ ಎದ್ದು ಬರುತ್ತಾಳೆ, ಎದೆ ಹೊಡೆದುಕೊಳ್ಳುತ್ತದೆ, ಡಾಕ್ಟರು ಓಡು ಎಂದಿದ್ದಾರೆ, ನನಗೂ ಏನು ಮಾಡಬೇಕೆಂದು ತೋಚುವುದಿಲ್ಲ ಶೇಷಪ್ಪನೋರೇ ಎಂದರು. ಅಪ್ಪನ ದನಿ ಹಾಗೆ ಒಡೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚೀಲದ ಮರೆಯಲ್ಲಿ ನಿಂತು ನಾನೂ ಅತ್ತೆ. ರೈಟರು "ಓಡಲಿ ಬಿಡಿ" ಎಂದಷ್ಟೇ ಹೇಳಿ ಹೋದರು.

ಮರುದಿನ ಏರು ಹತ್ತುವಾಗ ಕಣದಿಂದ ಒಂದು ಹೆಣ್ಣುದನಿ ಕೂಗಿತು. "ಮಳೆನೋ? ಪರೀಕ್ಷೆನೋ?"

ನನಗೆ ನಗು ತಡೆಯಲಾಗಲಿಲ್ಲ. "ಪರೀಕ್ಷೆ!" ಎಂದು ಕೂಗಿದೆ.

"ಹಂಗಾದ್ರೆ ಓಡವ್ವ!" ಎಂದು ಕಣಕ್ಕೆ ಕಣವೇ ನಕ್ಕಿತು.

ಅದು ದಿನದ ಪದ್ಧತಿಯಾಯಿತು. ಕೇಳುತ್ತಿದ್ದವಳು ಗಿರಿಜಕ್ಕ. ಕಣದಲ್ಲಿ ಮರದ ಹಲಗೆಯಿಂದ ಕಾಫಿ ಕೈಯಾಡಿಸುವುದು, ಹಣ್ಣಿನ ಮೂಟೆ ಹೊತ್ತು ತರುವುದು ಅವಳ ಕೆಲಸ. ನನ್ನ ಗುಟ್ಟು ಊರಿಗೆಲ್ಲ ಗೊತ್ತಾಯಿತೆಂದು ಮೊದಲು ನಾಚಿಕೆಯಾಗಿತ್ತು. ಆದರೆ ದಿನಾ ಬೆಳಿಗ್ಗೆ ಅಷ್ಟು ಗಟ್ಟಿಯಾಗಿ ಪರೀಕ್ಷೆ ಪರೀಕ್ಷೆ ಎಂದು ಕೂಗಿದ ಮೇಲೆ ಆ ಮಾತಿನಲ್ಲಿದ್ದ ವಿಷವೂ ಸ್ವಲ್ಪ ಇಳಿಯಿತು. ಜೀಪುಗಳೂ ನಿಲ್ಲುವುದು ಬಿಟ್ಟು ಹಾರ್ನ್ ಹೊಡೆದು ಮುಂದೆ ಹೋಗತೊಡಗಿದವು. ರಾತ್ರಿ ನಿದ್ದೆ ಬರುತ್ತಿತ್ತು, ಮೂರು ರೊಟ್ಟಿ ತಿನ್ನುತ್ತಿದ್ದೆ. ಗೆದ್ದೆ ಎಂದುಕೊಂಡೆ.

ಎಲ್ಲಿಯ ಗೆಲುವು! ಫೆಬ್ರವರಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಮತ್ತೆ ಅದೇ. ನಲವತ್ತು ನಿಮಿಷ ಕೂತೆ, ಆಮೇಲೆ ಎದ್ದು ಬಂದೆ. ಎರಡು ತಿಂಗಳ ಓಟ, ಅಪ್ಪನ ಮಂಕಿಕ್ಯಾಪು, ಊರಿನ ನಗು, ಎಲ್ಲ ನೀರಿಗೆ ಹೋಯಿತೆಂದು ಶೂ ತೆಗೆದು ಅಟ್ಟಕ್ಕೆ ಎಸೆದೆ. ಎರಡು ದಿನ ಓಡಲಿಲ್ಲ. ಅಪ್ಪ ಮಾತ್ರ ಎರಡೂ ದಿನ ಬೆಳಿಗ್ಗೆ ಮಂಕಿಕ್ಯಾಪು ಹಾಕಿಕೊಂಡು ಸ್ಕೂಟರ್ ಒರೆಸಿಟ್ಟರು, ಅದೇ ನನಗೆ ಹೆಚ್ಚು ಕಷ್ಟವಾಯಿತು. ಮೂರನೆಯ ದಿನ ರೈಟರು ಅಂಗಡಿಯ ಮುಂದೆ ಜೀಪು ನಿಲ್ಲಿಸಿ, ಇಳಿಯದೆಯೇ, "ಸಾವ್ಕಾರ್ರೇ, ಹುಡುಗಿ ಎಲ್ಲಿ? ಕಣದ ಹೆಂಗಸ್ರು ತಲೆ ತಿಂತಿದ್ದಾರೆ ನಂದು" ಎಂದರಂತೆ. ಮಾರನೆಯ ದಿನ ಹೋದೆ. ಓಡಲು ಅಲ್ಲ, ಇನ್ನು ಬರುವುದಿಲ್ಲ ಎಂದು ಹೇಳಿ ಬರಲು.

ಗಿರಿಜಕ್ಕ ರಸ್ತೆಗೆ ಹತ್ತಿ ಬಂದಳು. ಎಲ್ಲ ಕೇಳಿಸಿಕೊಂಡು, "ಪೇಪರು ಕೊಟ್ಟ ಕೂಡ್ಲೆ ಎಂತ ಮಾಡ್ತೀಯ ನೀನು?" ಎಂದಳು.

"ಪೂರ್ತಿ ಓದ್ತೀನಿ, ಕೊನೇ ತನಕ."

"ಅಲ್ಲೇ ಹಾಳಾಗೋದು. ನಾವು ಕೆಳಗಿನ ತೋಟದಿಂದ ಮೂಟೆ ಹೊತ್ಕೊಂಡು ಬರೋವಾಗ ತಲೆ ಎತ್ತಿ ಮೇಲೆ ನೋಡಲ್ಲ ಕಣವ್ವ. ನೋಡಿದ್ರೆ ಅಲ್ಲೇ ಮಂಡಿ ಹೋಗ್ತದೆ. ಮುಂದಿರೋಳ ಹಿಮ್ಮಡಿ ನೋಡ್ಕೊಂಡು ಬರೋದು. ಒಂದು ಹಿಮ್ಮಡಿ ಆದ್ಮೇಲೆ ಇನ್ನೊಂದು ಹಿಮ್ಮಡಿ. ಎದೆ ನಮಗೂ ಹೊಡ್ಕೊಳ್ತದೆ. ಹೊಡ್ಕೊಳ್ಳಿ ಬಿಡು, ಅದರ ಕೆಲಸ ಅದು ಮಾಡ್ತದೆ."

ಡಾಕ್ಟರು ಹೇಳಿದ್ದೂ ಇದನ್ನೇ. ಆದರೆ ಡಾಕ್ಟರ ಬೆನ್ನ ಮೇಲೆ ಮೂಟೆ ಇರಲಿಲ್ಲ. ಮುಂದೆ ನಾನು ಫಿಸಿಕ್ಸ್ ಟೀಚರಾದೆ, ಪ್ರತಿ ವರ್ಷ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಲ್ಲುತ್ತೇನೆ, ಬೆವರುತ್ತಾ ಕೂತ ಮಕ್ಕಳನ್ನು ನೋಡುತ್ತೇನೆ. ಗಿರಿಜಕ್ಕನಿಗಿಂತ ಒಳ್ಳೆಯ ಮಾತು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಆ ಹೆಂಗಸಿಗೆ ಅಕ್ಷರ ಬರುತ್ತಿರಲಿಲ್ಲ. ಅವಳಿಗೆ ಕೈಮುಗಿಯದೆ ನಾನು ಯಾರಿಗೆ ಮುಗಿಯಲಿ? ಅವತ್ತು ವಾಪಸು ಹೋಗುವಾಗ ನಡೆದು ಹೋಗಲಿಲ್ಲ, ಓಡಿದೆ.

ಮಾರ್ಚಿನಲ್ಲಿ ಒಂದು ಮಳೆ ಬಿದ್ದು ತೋಟಗಳೆಲ್ಲ ಹೂವಾಗಿದ್ದವು. ಫಿಸಿಕ್ಸ್ ಪೇಪರಿನ ದಿನ ಕಾಲೇಜಿನ ಕಿಟಕಿಯ ತನಕ ಆ ಪರಿಮಳ ಬರುತ್ತಿತ್ತು. ಅಪ್ಪ ಸ್ಕೂಟರಿನಲ್ಲಿ ಗೇಟಿನವರೆಗೆ ಬಿಟ್ಟು, ಏನೋ ಹೇಳಲು ಹೋಗಿ, "ಪೆನ್ನು ಇದೆಯಲ್ಲ?" ಎಂದಷ್ಟೇ ಕೇಳಿದರು. ಅಂಗಡಿ ತೆರೆಯುವ ಹೊತ್ತಾಗಿತ್ತು, ಹೋಗುತ್ತಾರೆಂದುಕೊಂಡು ಒಳಗೆ ಹೋದೆ.

ಪ್ರಶ್ನೆಪತ್ರಿಕೆಯನ್ನು ಮಡಿಸಿ ಮೊದಲ ಪ್ರಶ್ನೆ ಮಾತ್ರ ಕಾಣುವ ಹಾಗೆ ಇಟ್ಟುಕೊಂಡೆ. ಬರೆದೆ. ಎರಡನೆಯದು ಬಿಚ್ಚಿದೆ, ಬರೆದೆ. ಅರ್ಧ ಗಂಟೆಯಾಗಿರಬೇಕು, ಬಂತು. ಎದೆ ಡವಡವ ಎಂದಿತು, ಬೆರಳು ತಣ್ಣಗಾಯಿತು. ಕಾಲು ಆಗಲೇ ಎದ್ದು ಹೋಗಲು ಸಿದ್ಧವಾಗಿತ್ತು. ಆದರೆ ಈ ಬಡಿತ ನನಗೆ ಗುರುತಿತ್ತು. ಏರಿನ ಅರ್ಧದಲ್ಲಿ ದಿನಾ ಬರುವ ಬಡಿತವೇ ಇದು, ಬೇರೆಯದಲ್ಲ. ಅಲ್ಲಿ ಇದು ಬಂದಾಗ ನಾನು ಸತ್ತಿರಲಿಲ್ಲ. ಪೆನ್ನು ಕೆಳಗಿಡದೆ ಅದನ್ನು ಅದರ ಪಾಡಿಗೆ ಬಿಟ್ಟೆ. ಮೂರನೆಯ ಪ್ರಶ್ನೆ ಬರೆಯುವಾಗ ಅಕ್ಷರ ಸೊಟ್ಟಗಾದವು, ನಾಲ್ಕನೆಯದಕ್ಕೆ ಸ್ವಲ್ಪ ನೆಟ್ಟಗಾದವು, ಆಮೇಲೆ ಯಾವಾಗ ಎದೆ ಸುಮ್ಮನಾಯಿತೋ ಗಮನಿಸಲಿಲ್ಲ. ಕೊನೆಯ ಬೆಲ್ ಹೊಡೆದಾಗ ನಾನಿನ್ನೂ ಬರೆಯುತ್ತಿದ್ದೆ, ಪೇಪರನ್ನು ಕೈಯಿಂದ ಕಿತ್ತುಕೊಳ್ಳಬೇಕಾಯಿತು.

ಹೊರಗೆ ಬಂದರೆ ಗೇಟಿನ ಪಕ್ಕ ಅಪ್ಪ ನಿಂತಿದ್ದರು. ನಡುಬಿಸಿಲು. ಶರ್ಟು ಬೆನ್ನಿಗೆ ಅಂಟಿತ್ತು, ಮುಖ ಕೆಂಪಾಗಿತ್ತು. ಹಬ್ಬಕ್ಕೂ ಬಾಗಿಲು ಹಾಕದ ಅಂಗಡಿ ಅವತ್ತು ತೆರೆದೇ ಇರಲಿಲ್ಲ.

"ಆಗಿಂದ ಇಲ್ಲೇ ನಿಂತಿದ್ದೀರಾ ಅಪ್ಪ? ಆ ಕಡೆ ನೆರಳಿದೆಯಲ್ಲ, ಸ್ಕೂಟರ್ ಇದೆಯಲ್ಲ, ಕೂರಬಾರದಿತ್ತಾ?"

"ಆ ಕಡೆ ಹೋದ್ರೆ ಬಾಗಿಲು ಕಾಣಲ್ಲ ಮಗ. ಆವತ್ತು ನೀನು ಎದ್ದು ಬಂದಾಗ ಇಲ್ಲಿ ಯಾರೂ ಇರ್ಲಿಲ್ವಲ್ಲ." ಪೇಪರು ಹೇಗಿತ್ತು ಎಂದು ಅವರು ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, "ಪೂರ್ತಿ ಕೂತಿದ್ದೆಯಾ?" ಎಂದರು.

"ಕೂತಿದ್ದೆ ಅಪ್ಪ. ಕೊನೇ ಬೆಲ್ ತನಕ."

ಅಪ್ಪ ಎರಡು ಸಲ ತಲೆಯಾಡಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು, ಆ ಬಿಳಿ ಪಂಚೆಯಲ್ಲೇ, ರಸ್ತೆಯ ಧೂಳಿನ ಮೇಲೆ ಮೆಲ್ಲಗೆ ಕುಸಿದು ಕೂತರು.

"ಸರಿ ಹಾಗಾದ್ರೆ," ಎಂದರು. "ಇನ್ನು ನಾನೂ ಒಂಚೂರು ಕೂತ್ಕೋತೀನಿ."